ಬೊಕ್ಕಾಪುರದಿಂದ ಮೇಲಕ್ಕೆ: ಅತ್ತೆ ಜೊತೆ ಊಟಿಯಲ್ಲಿ ಐದು ದಿನ

ನಮ್ಮತ್ತೆಯ ಊರು ಗುಂಡ್ಲುಪೇಟೆ ಕಡೆ ಒಂದು ಹಳ್ಳಿ. ಮಳೆ ಬಿದ್ದು ಹೊಳವಾದ ದಿನ ಹಿತ್ತಲಲ್ಲಿ ನಿಂತರೆ ದಕ್ಷಿಣಕ್ಕೆ ನೀಲಗಿರಿ ಸಾಲು ಕಾಣುತ್ತದೆ. ನಿಜಕ್ಕೂ ನೀಲಿಯಾಗೇ ಕಾಣುತ್ತದೆ. ಮದುವೆಯಾಗಿ ಬಂದಾಗಿನಿಂದ, ಅಂದರೆ ಐವತ್ತು ವರ್ಷದಿಂದ, ಅದನ್ನು ನೋಡಿಕೊಂಡೇ ಪಾತ್ರೆ ತೊಳೆದಿದ್ದಾರೆ, ಎಮ್ಮೆ ಕಟ್ಟಿದ್ದಾರೆ. ಗುಂಡ್ಲುಪೇಟೆಯಿಂದ ಊಟಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಒಂದು ಸಲವೂ ಹತ್ತಿರಲಿಲ್ಲ.

ಬುಡದವರೆಗೆ ಹೋಗಿದ್ದರು. ಮಸಿನಗುಡಿ ಪಕ್ಕದ ಬೊಕ್ಕಾಪುರದಲ್ಲಿ ಮಾರಮ್ಮನ ಜಾತ್ರೆ ಆಗುತ್ತದೆ, ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಎರಡು ಸಲ ಹೋಗಿ, ಹರಕೆ ತೀರಿಸಿ, ಬೆಟ್ಟದ ಕಡೆ ಒಂದು ಕಣ್ಣು ನೋಡಿ ವಾಪಸ್ ಬಂದಿದ್ದರು. "ಮೇಲಕ್ಕೆ ಯಾಕೆ ಹೋಗಲಿಲ್ಲ ಅತ್ತೆ?" ಅಂತ ಕೇಳಿದರೆ, "ಮೇಲೆ ಯಾವ ದೇವ್ರಿದ್ದದು?" ಅಂದಿದ್ದರು.

ಈ ಜನವರಿಯಲ್ಲಿ ನಾವು ಮೂವರು, ಅಂದರೆ ನಾನು, ಇವರು, ಮಗಳು ಪುಟ್ಟಿ, ಊಟಿಗೆ ಹೊರಟಾಗ ಅತ್ತೆಯನ್ನೂ ಹೊರಡಿಸಿದೆವು. ಎರಡು ಸ್ವೆಟರ್, ಒಂದು ಕಂಬಳಿ, ಒಂದು ಡಬ್ಬಿ ಚಟ್ನಿಪುಡಿ ಇಟ್ಟುಕೊಂಡು ಕಾರು ಹತ್ತಿದರು.

ಮೊದಲ ದಿನ

ಮೈಸೂರು ಬಿಟ್ಟಾಗ ಬೆಳಿಗ್ಗೆ ಆರೂವರೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, ಹಾಗಾಗಿ ತೀರಾ ಬೇಗ ಹೊರಟು ಪ್ರಯೋಜನವೂ ಇಲ್ಲ. ಕಾಡಿನಲ್ಲಿ ಜಿಂಕೆ ಬಿಟ್ಟರೆ ಏನೂ ಕಾಣಲಿಲ್ಲ. ಪುಟ್ಟಿಗೆ ಬೇಜಾರಾಯಿತು. ಅತ್ತೆಗೆ ಸಮಾಧಾನವಾಯಿತು. ಹೊಲಕ್ಕೆ ನುಗ್ಗೋ ಆನೆಯನ್ನು ಸಾಕಷ್ಟು ನೋಡಿದವರು ಅವರು. ದುಡ್ಡು ಕೊಟ್ಟು ಆನೆ ನೋಡುವುದು ಅಂದರೆ ಅವರಿಗೆ ಇವತ್ತಿಗೂ ಅರ್ಥವಾಗದ ವಿಷಯ.

ಕೆಕ್ಕನಹಳ್ಳ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಆದೇಶ. ಮನೆಯಲ್ಲೇ ಮೊಬೈಲಿನಲ್ಲಿ ಮಾಡಿಕೊಂಡಿದ್ದೆವು, ಐದು ನಿಮಿಷದ ಕೆಲಸ. ಮರೆತಿದ್ದು ನೀರಿನ ಬಾಟಲಿ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ಬಾಟಲಿ ನಿಷೇಧ. ಡಿಕ್ಕಿಯಲ್ಲಿದ್ದ ಆರು ಬಾಟಲಿ ಅಲ್ಲೇ ಇಳಿಸಬೇಕಾಯಿತು. ಅತ್ತೆಯ ಸ್ಟೀಲ್ ಚೊಂಬು ಮಾತ್ರ ಪಾಸಾಯಿತು. ಆಮೇಲೆ ಐದು ದಿನವೂ ಆ ಚೊಂಬಿನ ವಿಷಯ ಕೇಳಿದ್ದೇ ಕೇಳಿದ್ದು.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಗೂಡಲೂರು ಮೇಲೆ ಸುತ್ತು ದಾರಿ, ಎಡಕ್ಕೆ ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟ್. ನಾವು ಕಲ್ಲಟ್ಟಿ ಹಿಡಿದೆವು. 36 ತಿರುವು, ಒಂದೊಂದಕ್ಕೂ ನಂಬರ್ ಬೋರ್ಡು. ಹೊರಗಿನ ಗಾಡಿಗಳು ಇದರಲ್ಲಿ ಹತ್ತಬಹುದು, ಇಳಿಯುವ ಹಾಗಿಲ್ಲ. ಬ್ರೇಕು ಕಾದು ಆಗಿರುವ ಅಪಘಾತ ಒಂದೆರಡಲ್ಲ. ಹತ್ತುವುದೂ ಸುಲಭವೇನಲ್ಲ. ಹದಿನೆಂಟನೇ ತಿರುವಿನಲ್ಲಿ ಕ್ಲಚ್ ಸುಟ್ಟ ವಾಸನೆ ಬಂತು. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ನಿಂತೆವು. ಅತ್ತೆ ಇಳಿದು, ಕೆಳಗೆ ಬೊಕ್ಕಾಪುರ ಯಾವ ಕಡೆ ಅಂತ ಕೇಳಿಕೊಂಡು, ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಕಾರು ಹೋಯಿತು. ಇವರು ಇಂಜಿನ್ ತಣ್ಣಗಾಯಿತು ಅಂದರು. ಅತ್ತೆ ಏನೂ ಅನ್ನಲಿಲ್ಲ.

ಮೇಲೆ ಹೋಗುತ್ತಿದ್ದ ಹಾಗೆ ಗಾಳಿಗೆ ನೀಲಗಿರಿ ಎಣ್ಣೆಯ ವಾಸನೆ. ಈ ಮರ ಬಂದಿದ್ದು ಆಸ್ಟ್ರೇಲಿಯಾದಿಂದ. ಸೌದೆಗೆ ಅಂತ ಬ್ರಿಟಿಷರು ತಂದು ನೆಟ್ಟರು. ಹುಲ್ಲುಗಾವಲು, ಶೋಲಾ ಅನ್ನುವ ಇಲ್ಲಿನ ಮೂಲ ಕಾಡು ಎಷ್ಟೋ ಕಡೆ ಇದರ ಕೆಳಗೆ ಮುಚ್ಚಿಹೋಯಿತು. ನಾವು ಕನ್ನಡದವರು ಆ ಮರಕ್ಕೇ 'ನೀಲಗಿರಿ' ಅಂತ ಬೆಟ್ಟದ ಹೆಸರು ಕೊಟ್ಟು ಕೂತಿದ್ದೇವೆ. ಒಕ್ಕಲು ಬಂದವನ ಹೆಸರಿಗೇ ಮನೆ ಬರೆದುಕೊಟ್ಟ ಹಾಗೆ, ಅಲ್ವಾ?

ಊಟಿ 2,240 ಮೀಟರ್ ಎತ್ತರದಲ್ಲಿದೆ. ನಾವು ಉಳಿದ ಜಾಗದ ಹೆಸರು ಹೇಳುವುದಿಲ್ಲ. ಗೀಜರ್ ಇತ್ತು, ಬಿಸಿನೀರು ಇರಲಿಲ್ಲ. ರಾತ್ರಿ ನಾಲ್ಕೂ ಜನ ಒಂದೇ ರೂಮಿನಲ್ಲಿ ಮಲಗಿದೆವು.

ಎರಡನೇ ದಿನ

ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಬೆಳ್ಳಗೆ ಪುಡಿ. ಇಬ್ಬನಿ ಹೆಪ್ಪುಗಟ್ಟಿತ್ತು. ರಸ್ತೆ ಪಕ್ಕದ ಹುಲ್ಲೆಲ್ಲ ಸುಣ್ಣ ಚೆಲ್ಲಿದ ಹಾಗೆ. ಅತ್ತೆ ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟು ನೋಡಿ, "ಸಪ್ಪೆ" ಅಂದರು.

ಮೊದಲು ಸೇಂಟ್ ಸ್ಟೀಫನ್ ಚರ್ಚ್. ನೋಡಲೇಬೇಕು ಅಂತ ನಾನೇ ಹಟ ಹಿಡಿದಿದ್ದೆ. 1829ರಲ್ಲಿ ಅಡಿಪಾಯ ಹಾಕಿ 1831ರ ಈಸ್ಟರ್‌ಗೆ ಬಾಗಿಲು ತೆರೆದರು. ಹೊರಗೆ ತಿಳಿ ಹಳದಿ ಬಣ್ಣ, ಒಳಗೆ ಮರದ ವಾಸನೆ. ತಲೆ ಎತ್ತಿ ನೋಡಿದರೆ ಅಗಲವಾದ ತೊಲೆಗಳು. ಅವು ಶ್ರೀರಂಗಪಟ್ಟಣದಿಂದ ಬಂದವು. ಟಿಪ್ಪು ಅರಮನೆಯ ಮರ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನೀಲಗಿರಿಯೂ ಮೈಸೂರಿನ ಕೈ ತಪ್ಪಿ ಕಂಪನಿ ಪಾಲಾಯಿತು. ಮೂವತ್ತು ವರ್ಷದ ಮೇಲೆ ಅರಮನೆಯ ತೊಲೆಯೂ ಬೆಟ್ಟ ಹತ್ತಿತು. ಘಾಟಿನಲ್ಲಿ ಆನೆಗಳಿಂದ ಎಳೆಸಿದರು ಅಂತ ಹೇಳುತ್ತಾರೆ. ಶ್ರೀರಂಗಪಟ್ಟಣಕ್ಕೆ ನಾವು ವರ್ಷಕ್ಕೆ ನಾಲ್ಕು ಸಲ ಹೋಗುತ್ತೇವೆ, ಆ ಅರಮನೆ ಅಲ್ಲಿ ಈಗ ಇಲ್ಲ. ಅದರ ಚಾವಣಿ ಇಲ್ಲಿ ಗಟ್ಟಿಮುಟ್ಟಾಗಿ ನಿಂತಿದೆ, ಕೆಳಗೆ ಬೆಂಚುಗಳ ಸಾಲು. ಕುತ್ತಿಗೆ ನೋಯುವವರೆಗೆ ನೋಡಿದೆ.

ಚರ್ಚ್ ಹಿಂದಿನ ಇಳಿಜಾರಿನಲ್ಲಿ ಹಳೇ ಸಮಾಧಿಗಳು. ಊಟಿ ಕಟ್ಟಿದ ಜಾನ್ ಸಲ್ಲಿವನ್ ಹೆಂಡತಿ ಹೆನ್ರಿಯೆಟ್ಟಾ, ಮಗಳು ಇಬ್ಬರೂ ಅಲ್ಲೇ ಇದ್ದಾರೆ. ಸಲ್ಲಿವನ್ ಕೊಯಮತ್ತೂರಿನ ಕಲೆಕ್ಟರ್. ಬೆಟ್ಟದ ಮೂಲನಿವಾಸಿಗಳಾದ ತೋಡರಿಂದ ಎಕರೆಗೆ ಒಂದು ರೂಪಾಯಿ ಕೊಟ್ಟು ಜಾಗ ತೆಗೆದುಕೊಂಡ ಅನ್ನುವ ಮಾತಿದೆ. 1822ರಲ್ಲಿ ಕಲ್ಲಿನ ಮನೆ ಕಟ್ಟಿಸಿದ. ಇಂಗ್ಲಿಷಿನಲ್ಲಿ ಸ್ಟೋನ್ ಹೌಸ್. ಇಲ್ಲಿನ ಜನ ಕರೆದಿದ್ದು 'ಕಲ್ ಬಂಗ್ಲೆ'. ಈಗ ಸರ್ಕಾರಿ ಆರ್ಟ್ಸ್ ಕಾಲೇಜಿನ ಆವರಣದಲ್ಲಿದೆ. ಇವತ್ತು ನಾವು ನೋಡುವ ಕೆರೆಯೂ ಅವನೇ ಕಟ್ಟಿಸಿದ್ದು. ಆ ಕೆರೆಯಲ್ಲಿ ದೋಣಿ ಹತ್ತಲು ಒಂದು ಗಂಟೆ ಕ್ಯೂ ಇತ್ತು. ಕ್ಯೂ ನೋಡಿಯೇ ವಾಪಸ್ ಬಂದೆವು.

ಬೊಟಾನಿಕಲ್ ಗಾರ್ಡನ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಮೇ ತಿಂಗಳ ಹೂವಿನ ಪ್ರದರ್ಶನದ ಹೊತ್ತಿಗೆ ಅದರ ವೈಭವ ಬೇರೆ. ಜನವರಿಯಲ್ಲಿ ಪಾತಿಗಳು ಖಾಲಿ, ಮಾಲಿಗಳು ಮಣ್ಣು ಮಗುಚುತ್ತಿದ್ದರು. ಅತ್ತೆಗೆ ಅದೇ ಇಷ್ಟವಾಯಿತು. ಹತ್ತು ನಿಮಿಷ ನಿಂತು ಮಣ್ಣು ನೋಡಿದರು. ಒಂದು ಹಿಡಿ ಎತ್ತಿ ಮೂಸಿ, "ಗೊಬ್ರ ಚೆನ್ನಾಗಿ ಆಕವ್ರೆ" ಅಂದರು.

ಮಧ್ಯಾಹ್ನ ಫರ್ನ್‌ಹಿಲ್ ಕಡೆ ಹೋದೆವು. ಮೈಸೂರು ಮಹಾರಾಜರ ಬೇಸಿಗೆ ಅರಮನೆ ಇದ್ದಿದ್ದು ಅಲ್ಲೇ. ಮದ್ರಾಸ್ ಸರ್ಕಾರ ಬೇಸಿಗೆಗೆ ಇಡೀ ಕಚೇರಿಯನ್ನೇ ಊಟಿಗೆ ಏರಿಸುತ್ತಿದ್ದ ಕಾಲ, ರಾಜರುಗಳೂ ಬಂಗಲೆ ಮಾಡಿಕೊಂಡರು. ನಮ್ಮ ತೋಟಗಾರಿಕೆ ಇಲಾಖೆಯವರದ್ದು ಅಲ್ಲೇ ಒಂದು ಉದ್ಯಾನ ಇದೆ, ಕರ್ನಾಟಕ ಸಿರಿ, 38 ಎಕರೆ. ಬೋರ್ಡಿನಲ್ಲಿ ಕನ್ನಡ ಓದಿ ಪುಟ್ಟಿ ಕುಣಿದಳು. ತೂಗುಸೇತುವೆ ಮೇಲೆ ಹತ್ತು ಸಲ ಓಡಿದಳು.

ಸಂಜೆ ಮಾರ್ಕೆಟ್ಟಿನಲ್ಲಿ ವರ್ಕಿ ಕೊಂಡೆವು. ಮೈದಾದ್ದು, ಪದರ ಪದರ, ಉಂಡೆ ಆಕಾರದ ಒಣ ಬಿಸ್ಕತ್ತು. ಸುಮ್ನೆ ತಿಂದರೆ ಗಂಟಲು ಹಿಡಿಯುತ್ತದೆ. ಟೀಯಲ್ಲಿ ಅದ್ದಿ ತಿನ್ನಬೇಕು. ಅದ್ದುವುದಕ್ಕೂ ಲೆಕ್ಕ ಇದೆ. ಒಂದು ಕ್ಷಣ ಜಾಸ್ತಿಯಾದರೆ ಪದರಗಳೆಲ್ಲ ಲೋಟದ ತಳದಲ್ಲಿ. ಇವರದ್ದು ಮೂರು ಹಾಗೇ ಮುಳುಗಿದವು. ಹೋಮ್‌ಮೇಡ್ ಚಾಕೊಲೇಟಿಗಿಂತ ವರ್ಕಿಯೇ ವಾಸಿ ಅನ್ನುವುದು ನನ್ನ ಮತ.

ಮೂರನೇ ದಿನ

ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಬೆಳಿಗ್ಗೆ ಊಟಿಗೆ ಹೊರಡುವ ಉಗಿಬಂಡಿಗೆ ಟಿಕೆಟ್ ಸಿಕ್ಕಿರಲಿಲ್ಲ. ವೇಟಿಂಗ್ ಲಿಸ್ಟಿನಲ್ಲೇ ಉಳಿದುಹೋಯಿತು. ಊಟಿಯಿಂದ ಕೂನೂರಿಗೆ 18 ಕಿಲೋಮೀಟರ್ ಮಾತ್ರ ಹೋದೆವು, ಡೀಸೆಲ್ ಇಂಜಿನ್. ಲವ್‌ಡೇಲ್, ಕೇತಿ, ಅರವಂಕಾಡು, ವೆಲ್ಲಿಂಗ್ಟನ್. ಕೇತಿಯಲ್ಲಿ ಕಣಿವೆ ತೆರೆದುಕೊಳ್ಳುತ್ತದೆ. ಕ್ಯಾರೆಟ್, ಕೋಸು, ಆಲೂಗಡ್ಡೆಯ ಪಟ್ಟಿಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತವೆ. ಎಲ್ಲರೂ ಕಿಟಕಿಯಲ್ಲಿ ಮೊಬೈಲ್ ಹಿಡಿದಿದ್ದರು. ಅತ್ತೆ ಕೋಸಿನ ಸಾಲು ಎಣಿಸುತ್ತಿದ್ದರು.

ಕೂನೂರು ಸ್ಟೇಷನ್ನಿನಲ್ಲಿ ನಮ್ಮ ಅದೃಷ್ಟ ಖುಲಾಯಿಸಿತು. ಕೆಳಗಿನಿಂದ ಬಂದ ಉಗಿ ಇಂಜಿನ್ ಅಲ್ಲೇ ನಿಂತಿತ್ತು, ಸ್ವಿಸ್ ಮಾದರಿಯದ್ದು. ಅದು ಬೋಗಿಗಳನ್ನು ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದು ಅಂದರೆ, ಕೆಲವು ಕಡೆ ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಬರೀ ನುಣುಪು ಹಳಿಯ ಮೇಲೆ ಚಕ್ರ ಜಾರಿಬಿಡುತ್ತದೆ. ಅದಕ್ಕೇ ಎರಡು ಹಳಿಯ ನಡುವೆ ಹಲ್ಲು ಹಲ್ಲಿನ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಇಂಜಿನ್ ಹೊಟ್ಟೆಯಡಿಯ ಹಲ್ಲಿನ ಚಕ್ರ ಆ ಪಟ್ಟಿಯನ್ನು ಕಚ್ಚಿ ಕಚ್ಚಿ ಹತ್ತುತ್ತದೆ. ಪುಟ್ಟಿ ಬಗ್ಗಿ ನೋಡಿ, "ಪ್ಯಾಂಟ್ ಜಿಪ್ ಥರ ಇದೆ" ಅಂದಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಕೂನೂರಿಗೆ ರೈಲು ಬಂದಿದ್ದು 1899ರಲ್ಲಿ, ಊಟಿಗೆ 1908ರಲ್ಲಿ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಟ್ಟು 46 ಕಿಲೋಮೀಟರ್, 16 ಸುರಂಗ, 250 ಸೇತುವೆ.

ಆಮೇಲೆ ಸಿಮ್ಸ್ ಪಾರ್ಕಿಗೆ ಹೋಗಿ ಬಂದೆವು. 1874ರದ್ದು. ಊಟಿ ಗಾರ್ಡನ್ನಿಗಿಂತ ನನಗೆ ಇದೇ ಹಿಡಿಸಿತು. ಗದ್ದಲ ಇಲ್ಲ.

ರಾತ್ರಿ ಅತ್ತೆ ಹೋಟೆಲಿನಲ್ಲಿ ಊಟವನ್ನು ಬೆರಳಲ್ಲಿ ಆಡಿಸುತ್ತಾ ಕೂತರು. ಮೂರು ದಿನದಿಂದ ಅನ್ನ, ಪರೋಟ, ಫ್ರೈಡ್ ರೈಸ್. "ಒಂದ್ ತುತ್ತು ಇಟ್ಟು ಸಿಕ್ಕಿದ್ರೆ" ಅಂದರು. ಇಟ್ಟು ಅಂದರೆ ಹಿಟ್ಟು, ಅಂದರೆ ರಾಗಿಮುದ್ದೆ. ನಮ್ಮತ್ತೆ ಕಡೆ 'ಹ' ಅನ್ನುವ ಅಕ್ಷರ ಬಾಯಿಗೆ ಬರುವುದು ಅಪರೂಪ.

ನಾಲ್ಕನೇ ದಿನ

ಕೋಟಗಿರಿ ದಾರಿಯಲ್ಲಿ ದೊಡ್ಡಬೆಟ್ಟ. 2,637 ಮೀಟರ್. ಬೋರ್ಡ್ ಓದಿ ಹೇಳಿದಾಗ ಅತ್ತೆ ನಿಂತುಬಿಟ್ಟರು. "ದೊಡ್ಡಬೆಟ್ಟ? ಅಂಗೇ ಬರ್ದವ್ರಾ? ಇದು ನಮ್ಮ ಮಾತಲ್ವಾ?" ಅಂದರು. ಹೌದಲ್ಲ ಅಂತ ನನಗೂ ಆಗಲೇ ಹೊಳೆದಿದ್ದು. ಚಿಕ್ಕಂದಿನಿಂದ ಭೂಗೋಳದಲ್ಲಿ ಓದಿದ ಹೆಸರು, ಬಿಡಿಸಿ ನೋಡಿಯೇ ಇರಲಿಲ್ಲ. ಅಲ್ಲಿಂದ ಮುಂದೆ ಅತ್ತೆ ಪುಟ್ಟಿಯ ಕೈಯಲ್ಲಿ ಪ್ರತಿ ಬೋರ್ಡನ್ನೂ ಓದಿಸಿದರು. ಊರಿನ ಹೆಸರಿನ ತುದಿಗೆ ಹಟ್ಟಿ ಅಂತ ಬಂದಾಗಲೆಲ್ಲ "ಮ್" ಅಂತ ತಲೆ ಆಡಿಸುವರು. ಹಾಜರಿ ಹಾಕಿದ ಹಾಗೆ.

ಕೋಟಗಿರಿ ಹತ್ತಿರ ಕನ್ನೇರಿಮುಕ್ಕಿನಲ್ಲಿ ಸಲ್ಲಿವನ್ ಮೊದಲು ಇದ್ದ ಬಂಗಲೆ ಇದೆ. ಅವನು ಬೆಟ್ಟ ಹತ್ತಿದ್ದು 1819ರಲ್ಲಿ, ಊಟಿಗಿಂತ ಮೊದಲು ಕೋಟಗಿರಿ ಕಡೆಗೆ. ಈಗ ಅದು ಸ್ಮಾರಕ. ಹಳೇ ಫೋಟೊಗಳಿವೆ. ಅಲ್ಲಿಂದ ಹೊರಟು ಎರಡು ತಿರುವು ದಾಟಿದ್ದೆವು, ಅಷ್ಟರಲ್ಲಿ ಪುಟ್ಟಿಗೆ ವಾಂತಿ ಬರುವ ಹಾಗಾಯಿತು. ಗಾಡಿ ನಿಲ್ಲಿಸಿದೆವು.

ಒಂದು ಬಡಗರ ಹಟ್ಟಿ. ಸಾಲಾಗಿ ಮನೆ, ಒಂದರ ಗೋಡೆ ಇನ್ನೊಂದಕ್ಕೆ ಅಂಟಿಕೊಂಡು. ಸುತ್ತ ಟೀ ಗಿಡ. ಮನೆ ಮುಂದೆ ಬಿಸಿಲಲ್ಲಿ ಒಬ್ಬ ಅಜ್ಜಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮೈಮೇಲೆ ಬಿಳಿ ಬಟ್ಟೆ, ತಲೆಗೂ ಬಿಳಿ ಬಟ್ಟೆ, ಹಣೆಯಲ್ಲಿ ಹಸಿರು ಹಚ್ಚೆ. ಪುಟ್ಟಿಯ ಮುಖ ನೋಡಿ ಒಳಗೆ ಕೂಗಿದರು. ಸೊಸೆ ಚೊಂಬಿನಲ್ಲಿ ನೀರು ತಂದರು. ನಾನು ನನ್ನ ಹರಕುಮುರುಕು ತಮಿಳಿನಲ್ಲಿ ಶುರು ಮಾಡಿದೆ. ಇವರು ಇಂಗ್ಲಿಷಿನಲ್ಲಿ ಕೈ ಹಾಕಿದರು. ನಮ್ಮತ್ತೆ ಮಾತ್ರ ನೇರವಾಗಿ ಹೋಗಿ ಜಗುಲಿ ಮೇಲೆ ಕೂತು, ಮೊರಕ್ಕೆ ಕೈ ಹಾಕಿ, "ಅವ್ರೆಕಾಯಿ ಒಸಿ ಬಲ್ತೋಗವೆ ಕಣವ್ವ" ಅಂದರು.

ಅಜ್ಜಿ ಕೈ ನಿಲ್ಲಿಸಿ ನೋಡಿದರು. ಆಮೇಲೆ ನಕ್ಕು ಏನೋ ಹೇಳಿದರು. ನನಗೆ ಮೊದಲ ಸಲಕ್ಕೆ ಹಿಡಿತಕ್ಕೆ ಸಿಗಲಿಲ್ಲ. ಅತ್ತೆಗೆ ಸಿಕ್ಕಿತು.

ಬಡಗರು ಅಂದರೆ ಬಡಗಣದಿಂದ, ಅಂದರೆ ಉತ್ತರದಿಂದ, ಬಂದವರು. ಮೈಸೂರು ಸೀಮೆಯಿಂದ ಹತ್ತಿದವರು ಅನ್ನುತ್ತಾರೆ. ಅವರ ಮಾತನ್ನು ಹಿಂದೆ ಕನ್ನಡದ ಒಂದು ಬಗೆ ಅಂತ ಬರೆಯುತ್ತಿದ್ದರು, ಈಗ ಬೇರೆ ಭಾಷೆ ಅಂತಲೇ ಎಣಿಸುತ್ತಾರೆ. ಕೇಳಿದರೆ ಅದೂ ಸರಿ ಅನಿಸುತ್ತದೆ. ಧಾಟಿ ಬೇರೆ, ಕ್ರಿಯಾಪದದ ಬಾಲ ಬೇರೆ. ಆದರೆ ಮನೆ, ನೀರು, ಹಬ್ಬ, ಹಾಲು ಅಂತ ನಡುನಡುವೆ ಬರುತ್ತಿದ್ದವು. ಸಂತೆಯ ಗುಂಪಿನಲ್ಲಿ ನೆಂಟರ ಮುಖ ಕಂಡ ಹಾಗೆ. ಅವರ ದೊಡ್ಡ ದೇವತೆಯ ಹೆಸರು ಹೆತ್ತೆ. ನಮ್ಮ ಕಿವಿಗೆ ಹೆತ್ತವಳು. ಅದಕ್ಕೆ ಅರ್ಥ ಹೇಳಿಸಿಕೊಳ್ಳಬೇಕಾ? ಜನವರಿಯಲ್ಲೇ ಹೆತ್ತೆ ಹಬ್ಬ, ನಾವು ಹೋಗುವಷ್ಟರಲ್ಲಿ ಮುಗಿದಿತ್ತು.

ಇಬ್ಬರೂ ಕೂತು ಒಂದು ಮೊರ ಅವರೆಕಾಯಿ ಬಿಡಿಸಿ ಮುಗಿಸಿದರು. ಅತ್ತೆ ತಮ್ಮ ಮುಂಗೈಯ ಹಚ್ಚೆ ತೋರಿಸಿದರು, ಅಜ್ಜಿ ಹಣೆ ಮುಟ್ಟಿ ತೋರಿಸಿದರು. ನೋವಾಗಿತ್ತಾ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡಿರಬೇಕು, ಇಬ್ಬರೂ ಒಟ್ಟಿಗೆ ಹಲ್ಲು ಕಚ್ಚಿ ಮುಖ ಕಿವುಚಿದರು. ಅಜ್ಜಿಯ ಮಗ ಬಂದು ಇವರ ಹತ್ತಿರ ಟೀ ಎಲೆಗೆ ರೇಟ್ ಇಲ್ಲ, ಫ್ಯಾಕ್ಟರಿಯವರು ಕೊಡುವುದು ಗೊಬ್ಬರದ ಖರ್ಚಿಗೂ ಸಾಲದು ಅಂತ ಹೇಳಿಕೊಳ್ಳುತ್ತಿದ್ದರು. ಮೊದಲು ಅದೇ ನೆಲದಲ್ಲಿ ರಾಗಿ, ಸಾಮೆ ಬೆಳೆಯುತ್ತಿದ್ದರಂತೆ.

ಊಟಕ್ಕೆ ಏಳಿಸಿಯೇ ಬಿಟ್ಟರು. ಅವರೆ ಉದಕ, ಅಂದರೆ ಅವರೆಕಾಳು, ಆಲೂಗಡ್ಡೆ ಹಾಕಿದ ಸಾರು. ಜೊತೆಗೆ ತಟ್ಟೆಯ ನಡುವೆ ಕಪ್ಪಗೆ, ಗುಂಡಗೆ, ಹೊಗೆಯಾಡುವ ಮುದ್ದೆ.

"ಇಟ್ಟು!" ಅಂದರು ಅತ್ತೆ.

"ಹಿಟ್ಟು" ಅಂದರು ಅಜ್ಜಿ. 'ಹ' ಅನ್ನು ಒತ್ತಿ, ಮೇಷ್ಟ್ರು ತಿದ್ದಿದ ಹಾಗೆ.

ಇವರು ನಗು ತಡೆಯಲಾರದೆ ಹೊರಗೆ ಹೋದರು. ಅತ್ತೆ ಲೆಕ್ಕಿಸಲಿಲ್ಲ, ಎರಡು ಮುದ್ದೆ ಮುಗಿಸಿದರು. ಹೊರಡುವಾಗ ಅಜ್ಜಿ ಒಣಗಿಸಿಟ್ಟ ಬಿತ್ತನೆ ಅವರೆ ಒಂದು ಹಿಡಿ ಕೊಟ್ಟರು. ಅತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ದುಡ್ಡು ಕೊಡಲು ಹೋದ ನನ್ನನ್ನು ಇಬ್ಬರು ಮುದುಕಿಯರೂ ಒಂದೇ ಥರ ಗದರಿದರು.

ಸಂಜೆ ಕೊಡನಾಡು ವ್ಯೂ ಪಾಯಿಂಟ್. ಬೆಟ್ಟ ಅಲ್ಲಿ ತಟಕ್ಕನೆ ಮುಗಿದುಹೋಗುತ್ತದೆ. ಕೆಳಗೆ ಮೋಯಾರ್ ಕಣಿವೆ, ನೂಲಿನೆಳೆಯ ಹಾಗೆ ಹೊಳೆ. ಆಚೆ ದಡದ ಗುಡ್ಡಗಳ ಹಿಂದೆ ನಮ್ಮ ಸೀಮೆ. "ನಮ್ಮೂರು ಯಾವ್ ಮಗ್ಗುಲು?" ಅಂತ ಅತ್ತೆ ಕೇಳಿದರು. ಇವರು ಮೊಬೈಲಿನಲ್ಲಿ ದಿಕ್ಕು ನೋಡಿ ವಾಯುವ್ಯಕ್ಕೆ ಕೈ ತೋರಿಸಿದರು. ಅಲ್ಲಿ ಬರೀ ಮಂಜು, ಅದರ ಹಿಂದೆ ಇನ್ನೊಂದು ಗುಡ್ಡದ ಭುಜ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಎಮ್ಮೆಗೆ ಹುಲ್ಲು ಆಕವ್ರೋ ಇಲ್ವೋ" ಅಂದರು.

ಐದನೇ ದಿನ

ಕಲ್ಲಟ್ಟಿಯಲ್ಲಿ ಇಳಿಯಲು ಬಿಡುವುದಿಲ್ಲವಾದ್ದರಿಂದ ನಡುವಟ್ಟಂ, ಗೂಡಲೂರು ಮೇಲೆ ಬಂದೆವು. ನಡುವಟ್ಟಂನಲ್ಲಿ ಜ್ವರದ ಔಷಧಿಗೆ ಸಿಂಕೋನಾ ತೋಟ ಮಾಡಿಸಿದಾಗ ಚೀನೀ ಕೈದಿಗಳನ್ನು ತಂದು ದುಡಿಸಿದ್ದರು. ಆ ಹಳೇ ಜೈಲು ನೋಡುವ ಆಸೆ ಇತ್ತು, ಪುಟ್ಟಿ ಮತ್ತೆ ಹೊಟ್ಟೆ ಹಿಡಿದುಕೊಂಡಳು, ಬಿಟ್ಟೆವು.

ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಧಾನ ಮಾಡಿದಾಗ, ಕಿಟಕಿ ಹತ್ತಿರ ಬಂದ ಹುಡುಗ ಒಳಗೆ ಬಗ್ಗಿ, "ಊಟಿಯಿಂದ ಏನ್ ತಂದ್ರಿ ಅಜ್ಜಿ?" ಅಂತ ತಮಾಷೆಗೆ ಕೇಳಿದ. ಹಿಂದಿನ ಸೀಟಿನಲ್ಲಿ ಎರಡು ಕೆಜಿ ಕ್ಯಾರೆಟ್, ವರ್ಕಿ ಡಬ್ಬ, ಟೀಪುಡಿ, ಚಾಕೊಲೇಟ್ ಎಲ್ಲ ಇತ್ತು. ಅತ್ತೆ ಸೆರಗಿನ ಗಂಟು ಬಿಚ್ಚಿ, ಅಂಗೈ ಮೇಲೆ ಅವರೆಕಾಳು ಹರಡಿ ತೋರಿಸಿದರು.

"ಅವ್ರೆ. ನಮ್ಮ ನೆಂಟ್ರು ಕೊಟ್ರು."